ಬ್ಯಾಂಕ್ ಸಾಲವೋ ಕ್ರೌಡ್‌ಫಂಡಿಂಗೋ: ಬ್ಯಾಂಕಿನವರ ಲೆಕ್ಕವೇನು?

ಸಣ್ಣ ವ್ಯಾಪಾರಕ್ಕೆ ದುಡ್ಡು ಬೇಕಾದಾಗ ಬ್ಯಾಂಕ್ ಸಾಲ, ಕ್ರೌಡ್‌ಫಂಡಿಂಗ್ (ಆನ್‌ಲೈನ್‌ನಲ್ಲಿ ತುಂಬಾ ಜನರಿಂದ ಸ್ವಲ್ಪ ಸ್ವಲ್ಪ ಹಣ ಕೂಡಿಸುವುದು) ಇವೆರಡರಲ್ಲಿ ಒಂದನ್ನೇ ಆರಿಸಬೇಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಯಾವುದು ಮೊದಲು ಅನ್ನುವುದೇ ಮುಖ್ಯ.

ಬ್ಯಾಂಕ್ ನೋಡುವುದು ಹಿಂದಿನದನ್ನು: ಹಳೆಯ ವಹಿವಾಟು, ಅಡಮಾನ, ಕಂತು ಕಟ್ಟಿದ ಚರಿತ್ರೆ. ಕ್ರೌಡ್‌ಫಂಡಿಂಗ್‌ನಲ್ಲಿ ಜನ ನೋಡುವುದು ನಿಮ್ಮ ಐಡಿಯಾವನ್ನು. ಹೊಸಬರಿಗೆ ಇದು ಸಲೀಸು ಅನ್ನಿಸುತ್ತದೆ ಅಲ್ವಾ? ಆದರೆ 2009ರಲ್ಲಿ ಶುರುವಾದ ಕಿಕ್‌ಸ್ಟಾರ್ಟರ್ ಎಂಬ ಕ್ರೌಡ್‌ಫಂಡಿಂಗ್ ತಾಣದಲ್ಲಿ ನೀವು ಕೇಳಿದ ಮೊತ್ತದ ಗುರಿ ಮುಟ್ಟದಿದ್ದರೆ ಒಂದು ಪೈಸೆಯೂ ಕೈಗೆ ಬರುವುದಿಲ್ಲ. ಮುಟ್ಟಿದರೆ ಶೇ. 5 ಶುಲ್ಕ, ಪಾವತಿ ಖರ್ಚು ಬೇರೆ.

ಹೀಗೆ ಬಂದ ಹಣವನ್ನು ಬ್ಯಾಂಕಿನವರು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಷೇರು ಕೊಟ್ಟು ತಂದಿದ್ದರೆ ಅದು ಬಂಡವಾಳ. ನಷ್ಟವಾದರೆ ಮೊದಲು ಕರಗುವುದು ಅದೇ, ಹಾಗಾಗಿ ಬ್ಯಾಂಕಿಗೆ ಧೈರ್ಯ. ಜನರಿಂದ ಸಾಲವಾಗಿ ತಂದಿದ್ದರೆ ಅದೂ ಸಾಲವೇ, ಹೊಸ ಕಂತಿಗೆ ಜಾಗ ಕಮ್ಮಿಯಾಗುತ್ತದೆ. ಮುಂಗಡ ಪಡೆದು ಆಮೇಲೆ ಮಾಲು ಕಳಿಸುವ ಬಗೆಯಲ್ಲಿ ಬೇಡಿಕೆಗೆ ಸಾಕ್ಷಿ ಸಿಗುತ್ತದೆ ನಿಜ, ಆದರೆ ಮಾಲು ತಲುಪುವ ತನಕ ಅದು ನಿಮ್ಮ ತಲೆ ಮೇಲಿನ ಹೊಣೆ. ಇದನ್ನು ಸುಮ್ನೆ ಲಾಭ ಅಂತ ತೋರಿಸಲು ಹೋಗಬೇಡಿ, ದಯವಿಟ್ಟು.

ಬ್ಯಾಂಕುಗಳೆಲ್ಲ ಕ್ರೌಡ್‌ಫಂಡಿಂಗ್‌ಗೆ ಶತ್ರುಗಳು ಅನ್ನುವುದೂ ಸರಿಯಲ್ಲ. ಬ್ರಿಟನ್‌ನಲ್ಲಿ ಸಾಂಟಾಂಡರ್ ಬ್ಯಾಂಕ್ 2014ರಲ್ಲಿ, ಜನರ ಹಣವನ್ನು ಸಣ್ಣ ವ್ಯಾಪಾರಗಳಿಗೆ ಸಾಲವಾಗಿ ಕೊಡಿಸುತ್ತಿದ್ದ ಫಂಡಿಂಗ್ ಸರ್ಕಲ್ ಎಂಬ ಆನ್‌ಲೈನ್ ವೇದಿಕೆ ಜೊತೆ ಕೈಜೋಡಿಸಿ, ಸಣ್ಣ ವ್ಯಾಪಾರಿಗಳನ್ನು ಅತ್ತ ಕಳಿಸಲು ಒಪ್ಪಿತು.

ನಿಮ್ಮದು ನಡೆಯುತ್ತಿರುವ ವ್ಯಾಪಾರ, ಲೆಕ್ಕಪತ್ರ ಸರಿಯಿದೆ ಅಂದರೆ ಮೊದಲು ಬ್ಯಾಂಕಿಗೇ ಹೋಗಿ. ವ್ಯಾಪಾರದ ಗುಟ್ಟೂ ಉಳಿಯುತ್ತದೆ, ಷೇರೂ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಹೊಸ ವಸ್ತು, ಅಡಮಾನಕ್ಕೆ ಏನೂ ಇಲ್ಲ ಅಂದರೆ ಮೊದಲು ಜನರ ಹತ್ತಿರ ಹೋಗಿ. ಮಾಲು ತಲುಪಿಸಿದ ದಾಖಲೆ ಹಿಡಿದುಕೊಂಡು ಆಮೇಲೆ ಬ್ಯಾಂಕಿಗೆ.