ಫ್ರೀ ವಿಮಾನ ಹಿಡಿಯೋಕೆ ಬಸ್ಸು ಹತ್ತಿ ಹೋಗಬೇಡಿ

ಅಮೆರಿಕದ ಸೇನೆಯ ಸ್ಪೇಸ್-ಎ ವಿಮಾನದಲ್ಲಿ, ಅಂದರೆ ಉಳಿದ ಸೀಟಿನಲ್ಲಿ, ಜರ್ಮನಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಟಿಕೆಟ್ ಮಾಡಿದರೆ ದುಡ್ಡು ಉಳಿಯುತ್ತೆ ಅಂತ ಯಾರಾದರೂ ನಿಮಗೆ ಹೇಳಿದ್ದರೆ, ಟಿಕೆಟ್ ಮಾಡುವ ಮೊದಲು ಇದನ್ನು ಓದಿ. ನಮಗೂ ಹಾಗೇ ಹೇಳಿದ್ದರು. ಹೇಳಿದವರದು ಸುಳ್ಳೇನಲ್ಲ. ಆದರೆ ಅವರ ಜೊತೆ ಆರು ವರ್ಷದ ಮಗು ಇರಲಿಲ್ಲ, ಊರಲ್ಲಿ ಮುಹೂರ್ತ ಕಾಯುತ್ತಿರಲಿಲ್ಲ, ಮುಖ್ಯವಾಗಿ ಅವರು ಸೇನಾನೆಲೆಗೆ, ಅಂದರೆ ಬೇಸ್‌ಗೆ, ಬಸ್ಸಿನಲ್ಲಿ ಹೋಗಿರಲಿಲ್ಲ.

ನಮ್ಮ ಯಜಮಾನರು ಅಮೆರಿಕದ ಸೇನೆಯಲ್ಲಿದ್ದಾರೆ. ಗೊತ್ತಿಲ್ಲದವರಿಗೆ ಎರಡು ಮಾತು. ಸೇನೆಯ ವಿಮಾನಗಳಲ್ಲಿ ಸೀಟು ಉಳಿದರೆ ಸೇನೆಯವರಿಗೆ, ನಿವೃತ್ತರಿಗೆ, ಅವರ ಮನೆಯವರಿಗೆ ಕೊಡುತ್ತಾರೆ. ಹೆಚ್ಚಿನವಕ್ಕೆ ದುಡ್ಡಿಲ್ಲ. ಆರು ವರ್ಗ ಇವೆ. ತುರ್ತು ರಜೆಯವರು ಒಂದನೆಯದು, ಮಾಮೂಲಿ ರಜೆಯಲ್ಲಿ ಹೋಗುವ ನಮ್ಮಂಥವರು ಮೂರನೆಯದು, ನಿವೃತ್ತರು ಆರನೆಯದು. ಒಂದೇ ವರ್ಗದಲ್ಲಿ ಯಾರು ಮೊದಲು ಹೆಸರು ಕೊಟ್ಟರೋ ಅವರು ಮುಂದೆ. ಕೊಟ್ಟ ಹೆಸರು 60 ದಿನ ಪಟ್ಟಿಯಲ್ಲಿ ಇರುತ್ತದೆ. ನಿವೃತ್ತರು ಎರಡು ತಿಂಗಳ ಮೊದಲೇ ಕೊಟ್ಟು ಆರಾಮಾಗಿ ಇರಬಹುದು, ಆದರೆ ಕೆಲಸದಲ್ಲಿ ಇರುವವರು ರಜೆ ಶುರುವಾದ ಮೇಲೆಯೇ ಕೊಡಬೇಕು. ನಮ್ಮದು ಶನಿವಾರ ಶುರುವಾಯಿತು.

ತಮ್ಮನ ಮದುವೆ ಹಾಸನದಲ್ಲಿ, ಗುರುವಾರ ಬೆಳಗ್ಗೆ ಧಾರೆ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಮಂಗಳವಾರ ಮಧ್ಯಾಹ್ನ ಒಂದು ಗಂಟೆಯ ಟಿಕೆಟ್, ಅಗ್ಗದ್ದು, ದುಡ್ಡು ವಾಪಸ್ ಬರದಂಥದ್ದು. ಶನಿವಾರ ಸಂಜೆ ಹೊರಟರೆ ಭಾನುವಾರ ಜರ್ಮನಿಯಲ್ಲಿರುವ ಅಮೆರಿಕದ ಬೇಸ್ ರಾಮ್‌ಸ್ಟೈನ್, ಮಧ್ಯೆ ಒಂದೂವರೆ ದಿನ ಬಿಡುವು, ಸಾಕಲ್ವಾ ಅಂದುಕೊಂಡೆವು. ಇದೇ ಮೊದಲ ತಪ್ಪು, ದೊಡ್ಡ ತಪ್ಪೂ ಇದೇ. ಹೋಗುತ್ತೋ ಇಲ್ಲವೋ ಗೊತ್ತಿಲ್ಲದ ವಿಮಾನಕ್ಕೆ, ಕಾಯದೆ ಹೋಗಿಯೇ ಬಿಡುವ ವಿಮಾನವನ್ನು ಗಂಟು ಹಾಕಿದ್ದೆವು.

ಕಾರು ಯಾಕೆ ತೆಗೆದುಕೊಂಡು ಹೋಗಲಿಲ್ಲ ಅಂತ ಕೇಳುತ್ತೀರಿ. ಬರುವಾಗ ಅದೇ ಬೇಸ್‌ಗೆ ಬರುತ್ತೇವೆ ಅನ್ನೋ ಖಾತ್ರಿ ಇಲ್ಲ. ಸೀಟು ಸಿಕ್ಕ ಕಡೆಗೆ ಹತ್ತಬೇಕು. ಕಾರು ಡೆಲವೇರ್‌ನಲ್ಲಿ ನಿಲ್ಲಿಸಿ ಕ್ಯಾಲಿಫೋರ್ನಿಯಾದಲ್ಲಿ ಇಳಿದವರನ್ನು ನಾನೇ ನೋಡಿದ್ದೇನೆ. ಹಾಗಾಗಿ ರೈಲು, ಆಮೇಲೆ ಬಸ್ಸು ಅಂತ ಯಜಮಾನರು ಲೆಕ್ಕ ಹಾಕಿದರು. ಕಾಗದದ ಮೇಲೆ ಚೆನ್ನಾಗಿತ್ತು.

ಬಾಲ್ಟಿಮೋರ್‌ನಲ್ಲಾದರೆ ಈ ಲೆಕ್ಕ ನಡೆಯುತ್ತದೆ, ಯಾಕೆಂದರೆ ಅಲ್ಲಿ ಸೇನೆಯ ಪ್ರಯಾಣಿಕರೂ ಮಾಮೂಲಿ ಏರ್‌ಪೋರ್ಟಿನಿಂದಲೇ ಹತ್ತುವುದು, ಊರಿನ ಲೈಟ್ ರೈಲು ಅಲ್ಲಿವರೆಗೂ ಬರುತ್ತದೆ. ಜಪಾನಿನ ಯೋಕೋಟಾ ಬೇಸಿನ ಗೇಟಿಗೆ ಉಶಿಹಾಮಾ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಆದರೆ ಡೆಲವೇರ್‌ನಲ್ಲಿ ಬೇಸ್ ಇರುವ ಡೋವರ್ ಊರಿಗೆ ಪ್ರಯಾಣಿಕರ ರೈಲೇ ಇಲ್ಲ, ವಿಲ್ಮಿಂಗ್ಟನ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ನಾವು ಹೋದ ಬೇಸಿನ ಹೆಸರು ಬರೆಯುವುದಿಲ್ಲ, ತಪ್ಪು ಅವರದಲ್ಲ.

ಇನ್ನು ಲಗೇಜು. ಸ್ಪೇಸ್-ಎನಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 70 ಪೌಂಡಿನ ಎರಡು ಪೆಟ್ಟಿಗೆ ಬಿಡುತ್ತಾರೆ. ಅಂದರೆ ಒಂದೊಂದು 32 ಕಿಲೋ. ಇದನ್ನು ಕೇಳಿದ ಮೇಲೆ ಮದುವೆಗೆ ಹೊರಟ ಹೆಂಗಸು ಸುಮ್ನೆ ಇರುತ್ತಾಳಾ? ಬಾದಾಮಿ, ಚಾಕಲೇಟು, ಅತ್ತೆಯವರ ಮಲ್ಟಿವಿಟಮಿನ್, ಯಾರೋ ಹೇಳಿಕಳಿಸಿದ ಮಿಕ್ಸರ್. ನಾಲ್ಕು ಪೆಟ್ಟಿಗೆ ತುಂಬಿದೆ. ಫ್ರಾಂಕ್‌ಫರ್ಟ್‌ನಿಂದ ಮುಂದೆ ಹೋಗುವ ಟಿಕೆಟ್ಟಿನಲ್ಲಿ ಒಂದು ಪೆಟ್ಟಿಗೆಗೆ 23 ಕಿಲೋ ಮಾತ್ರ ಅನ್ನುವುದು ಆಗ ತಲೆಗೆ ಹೊಳೆಯಲೇ ಇಲ್ಲ.

ಶನಿವಾರ ಸಂಜೆ 6:40ಕ್ಕೆ ರೋಲ್ ಕಾಲ್. ಅಂದರೆ ಅಲ್ಲಿ ನಿಂತು ಹೆಸರು ಕರೆದಾಗ ಇದ್ದೇನೆ ಅನ್ನಬೇಕು. ರೈಲು ಹತ್ತು ನಿಮಿಷ ತಡವಾಯಿತು. ಹತ್ತು ನಿಮಿಷ ಏನು ಮಹಾ ಅಂದುಕೊಂಡರೆ ಬಸ್ಸು ಹೋಗಿಯಾಗಿತ್ತು, ಶನಿವಾರವಾದ್ದರಿಂದ ಮುಂದಿನದು ಎರಡು ಗಂಟೆ ಬಿಟ್ಟು. ಆ ಬಸ್ಸು ನಮ್ಮನ್ನು ಹೈವೇ ಪಕ್ಕ ಇಳಿಸಿ ಹೋಯಿತು. ಅಲ್ಲಿಂದ ಗೇಟಿಗೆ ಒಂದೂವರೆ ಕಿಲೋಮೀಟರ್, ಫುಟ್‌ಪಾತ್ ಇಲ್ಲ, ಪಕ್ಕದಲ್ಲಿ ಲಾರಿಗಳು ಬುರ್ರ್ ಅಂತ ಹೋಗ್ತಿವೆ, ಯಜಮಾನರ ಎರಡೂ ಕೈಯಲ್ಲಿ ಪೆಟ್ಟಿಗೆ, ನನ್ನ ಎರಡೂ ಕೈಯಲ್ಲಿ ಪೆಟ್ಟಿಗೆ, ಮಗಳು ಹಿಂದೆ ಬರ್ತಿದಾಳಾ ಅಂತ ತಿರುಗಿ ನೋಡಿಕೊಂಡು ನಡೆದೆವು. ಒಂದು ಪೆಟ್ಟಿಗೆಯ ಚಕ್ರ ಅಲ್ಲೇ ಮುರಿಯಿತು.

ಗೇಟು ದಾಟಿದರೆ ಆಯಿತು ಅಂದುಕೊಂಡಿರಾ? ಟರ್ಮಿನಲ್ ಅಲ್ಲಿಂದ ಇನ್ನೂ ಮೂರು ಕಿಲೋಮೀಟರ್. ಹೊರಗಿನ ಟ್ಯಾಕ್ಸಿಯವರು ಎಲ್ಲರೂ ಬೇಸಿನೊಳಗೆ ಬರುವ ಹಾಗಿಲ್ಲ, ಪಾಸ್ ಇರುವವರು ಮಾತ್ರ. ಪುಣ್ಯಕ್ಕೆ ಒಬ್ಬ ನಿವೃತ್ತ ತಾತ ತಮ್ಮ ಪಿಕಪ್ ಗಾಡಿಯಲ್ಲಿ ಹತ್ತಿಸಿಕೊಂಡರು. ಟರ್ಮಿನಲ್ ಮುಟ್ಟಿದಾಗ 6:55. ರೋಲ್ ಕಾಲ್ ಮುಗಿದಿತ್ತು. ನಮ್ಮ ಹೆಸರು ಕರೆದಿದ್ದರು, ನಾವು ಇರಲಿಲ್ಲ, ಸೀಟು ನಮಗಿಂತ ಕೆಳಗಿದ್ದವರಿಗೆ ಹೋಯಿತು. ಕೌಂಟರಿನ ಹುಡುಗ ಆಗ ಹೇಳಿದ, 24 ಗಂಟೆ ಮೊದಲೇ ಬಂದು ಹಾಜರಿ ಹಾಕಿಸಿಕೊಳ್ಳಬಹುದು ಅಂತ. ಮೊದಲೇ ಗೊತ್ತಿದ್ದಿದ್ದರೆ ರಜೆ ಶುರುವಾದ ತಕ್ಷಣ, ಶನಿವಾರ ಬೆಳಗ್ಗೆ ಮೊದಲ ರೈಲಿಗೇ ಬರುತ್ತಿದ್ದೆವು.

ಆ ರಾತ್ರಿ ಬೇಸಿನ ಲಾಡ್ಜ್ ಭರ್ತಿ. ಟ್ಯಾಕ್ಸಿ ಕರೆಸಿದರೆ ಗೇಟಿನ ಹೊರಗೇ ನಿಲ್ಲುತ್ತದೆ. ಮತ್ತೆ ಅದೇ ಪೆಟ್ಟಿಗೆ, ಅದೇ ರಸ್ತೆ, ಕೊನೆಗೆ ಮೋಟೆಲ್. ಭಾನುವಾರ ವಾಪಸ್ ಬಂದೆವು. ಟರ್ಮಿನಲ್‌ನವರು ಮುಂದಿನ 72 ಗಂಟೆಯ ವಿಮಾನಗಳ ಪಟ್ಟಿ ಹಾಕುತ್ತಾರೆ, ಸೀಟಿನ ಪಕ್ಕ ಎಫ್ ಅಂದರೆ ಖಚಿತ, ಟಿ ಅಂದರೆ ಇನ್ನೂ ಅಂದಾಜು. ಆ ಖಚಿತವನ್ನೂ ಜಾಸ್ತಿ ನಂಬಬೇಡಿ. ಸೇನೆಯ ಕೆಲಸ ಮೊದಲು, ನಾವು ಉಳಿದರೆ ಉಂಟು. ಭಾನುವಾರ ನಮ್ಮ ಸರದಿ ಬರುವ ಹೊತ್ತಿಗೆ ಎರಡು ಸೀಟು ಇತ್ತು, ನಾವು ಮೂವರು. "ನೀನೂ ಮಗಳೂ ಹೋಗಿ, ನಾನು ಹಿಂದೆ ಬರ್ತೀನಿ" ಅಂದರು ಯಜಮಾನರು. ಅದೂ ಆಗುವುದಿಲ್ಲ. ಅವರ ರಜೆಯ ಮೇಲೆ ಹೋಗುವವರು ಅವರ ಜೊತೆಗೇ ಹೋಗಬೇಕು.

ಸೋಮವಾರ ರಾತ್ರಿ ಅಂತೂ ಒಂದು ಸಿ-17, ಅಂದರೆ ಸೇನೆಯ ಸಾಮಾನು ಸಾಗಿಸುವ ವಿಮಾನ, ಸಿಕ್ಕಿತು. ಸುಳ್ಳು ಯಾಕೆ ಹೇಳಲಿ, ಅದೊಂದು ಚೆನ್ನಾಗಿತ್ತು. ಗೋಡೆಗೆ ಆನಿಸಿದ ಸೀಟು, ನಡುವೆ ಬಲೆ ಬಿಗಿದ ಸಾಮಾನಿನ ರಾಶಿ, ಕಿವಿಗೆ ಹಾಕಿಕೊಳ್ಳಲು ಬಿರಟೆ, ಒಳಗೆಲ್ಲ ಚಳಿ. ಮಗಳು ನೆಲದಲ್ಲಿ ಹೊದ್ದು ಮಲಗಿ ರಾಮ್‌ಸ್ಟೈನ್‌ವರೆಗೆ ಏಳಲಿಲ್ಲ. ಸ್ವೆಟರ್ ಕೈಯಲ್ಲೇ ಇರಲಿ. ಬೆರಳು ಕಾಣುವ ಚಪ್ಪಲಿ ಹಾಕಿಕೊಂಡು ಹೋದರೆ ಹತ್ತಿಸುವುದಿಲ್ಲ, ನಾನು ಶೂ ಹುಡುಕಲು ಅಲ್ಲೇ ಪೆಟ್ಟಿಗೆ ಬಿಚ್ಚಬೇಕಾಯಿತು.

ಮಂಗಳವಾರ ಬೆಳಗ್ಗೆ ಇಳಿದೆವು. ಪಾಸ್‌ಪೋರ್ಟ್, ಲಗೇಜು ಮುಗಿಯುವಾಗ ಒಂಬತ್ತೂವರೆ. ನಮ್ಮದು ಅಮೆರಿಕದ ಪಾಸ್‌ಪೋರ್ಟ್, ಹಾಗಾಗಿ ಬಚಾವ್. ಇಂಡಿಯನ್ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಇರುವವರು ಗಮನಿಸಿ: ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವುದೇ ಬೇರೆ, ರಾಮ್‌ಸ್ಟೈನ್‌ನಲ್ಲಿ ಇಳಿದು ಜರ್ಮನಿಯೊಳಗೆ ಓಡಾಡುವುದೇ ಬೇರೆ. ಹಾಗೆ ಇಳಿದು ಓಡಾಡಲು ಯುರೋಪಿನ ಷೆಂಗೆನ್ ವೀಸಾ ಬೇಕು.

ರಾಮ್‌ಸ್ಟೈನ್‌ನಿಂದ ಫ್ರಾಂಕ್‌ಫರ್ಟ್ ಏರ್‌ಪೋರ್ಟ್ ಸುಮಾರು 120 ಕಿಲೋಮೀಟರ್. ನೇರ ಟ್ಯಾಕ್ಸಿ ಮಾಡಿದ್ದರೆ ಬಹುಶಃ ಸಿಗುತ್ತಿತ್ತು. ಆದರೆ ಮೂರು ದಿನದಿಂದ ದುಡ್ಡು ಹೋಗಿ ಹೋಗಿ ಇಬ್ಬರಿಗೂ ಹಟ ಬಂದಿತ್ತು, ಇದೊಂದಾದರೂ ಅಗ್ಗದಲ್ಲಿ ಆಗಲಿ ಅಂತ. ಲಾಂಡ್‌ಸ್ಟುಲ್ ಸ್ಟೇಷನ್‌ವರೆಗೆ ಟ್ಯಾಕ್ಸಿ, ಅಲ್ಲಿಂದ ಕೈಸರ್ಸ್‌ಲೌಟರ್ನ್ ಮೇಲೆ ಮ್ಯಾನ್‌ಹೈಮ್, ಅಲ್ಲಿ ರೈಲು ಬದಲಿಸಿ ಏರ್‌ಪೋರ್ಟ್. ಎರಡು ಗಂಟೆಗೂ ಜಾಸ್ತಿ. ಮ್ಯಾನ್‌ಹೈಮ್‌ನಲ್ಲಿ ಒಂದು ಪ್ಲಾಟ್‌ಫಾರ್ಮ್‌ನಿಂದ ಇನ್ನೊಂದಕ್ಕೆ, ಚಕ್ರವಿಲ್ಲದ ಪೆಟ್ಟಿಗೆ ಎಳೆದುಕೊಂಡು, ಕಣ್ಣೆದುರೇ ಒಂದು ರೈಲು ಬಿಟ್ಟೆವು. ಕೌಂಟರ್ ಮುಟ್ಟಿದಾಗ 12:35. ಮುಚ್ಚಿತ್ತು.

ಹೊಸ ಟಿಕೆಟ್ ಬುಧವಾರ ರಾತ್ರಿಗೆ, ಗಲ್ಫ್ ಮೇಲೆ, ಮೂವರಿಗೆ 2,700 ಡಾಲರ್. ಮೊದಲೇ ಅಮೆರಿಕದಿಂದ ನೇರ ಟಿಕೆಟ್ ಮಾಡಿದ್ದರೆ ಸುಮಾರು ಅಷ್ಟೇ ಆಗುತ್ತಿತ್ತು. ಮೋಟೆಲ್, ಟ್ಯಾಕ್ಸಿ, ಫ್ರಾಂಕ್‌ಫರ್ಟ್ ಹೋಟೆಲು, ನೀರಿಗೆ ಹೋದ ಹಳೇ ಟಿಕೆಟ್ಟು, ಎಲ್ಲ ಬೇರೆ. 23 ಕಿಲೋಗೆ ಇಳಿಸಲು ಏರ್‌ಪೋರ್ಟಿನ ನೆಲದ ಮೇಲೆ ಕೂತು ಸಾಮಾನು ಆರಿಸಿದೆ. ಬಾದಾಮಿ ಹೋಟೆಲಿನವರಿಗೆ ಕೊಟ್ಟಾಗಿತ್ತು, ಮಿಕ್ಸರ್ ಎಲ್ಲರೂ ಬೇಡ ಅಂದರು, ಅಲ್ಲೇ ಬಿಟ್ಟೆ.

ಗುರುವಾರ ಮಧ್ಯಾಹ್ನ ಬೆಂಗಳೂರು, ಸಂಜೆ ಹಾಸನ. ಛತ್ರದಲ್ಲಿ ಕುರ್ಚಿ ಜೋಡಿಸಿಡುತ್ತಿದ್ದರು. ಧಾರೆಯನ್ನು ಚಿಕ್ಕಮ್ಮನ ಫೋನಿನಲ್ಲಿ ನೋಡಿದೆ, ಅದೂ ಅರ್ಧ ಯಾರದೋ ತಲೆ ಅಡ್ಡ ಬಂದಿತ್ತು. ಮರುದಿನ ಬೀಗರ ಊಟದಲ್ಲಿ ಅಜ್ಜಿ ಎಲ್ಲರೆದುರೇ ಕೇಳಿದರು: "ಮಿಲಿಟ್ರಿ ವಿಮಾನ ಅಂದ್ರೆ ಬೇಗ ಬರುತ್ತೆ ಅನ್ಕೊಂಡಿದ್ನಲ್ಲೇ?"

ನೀವು ಹೋಗಲೇಬೇಕು ಅಂತಿದ್ದರೆ ಮುಂದಿನ ಟಿಕೆಟ್ಟನ್ನು ಜರ್ಮನಿಯಲ್ಲಿ ಇಳಿದ ಮೇಲೆಯೇ ಮಾಡಿ, ಇಲ್ಲಾ ದಿನ ಬದಲಿಸಲು ಬರುವಂಥದ್ದು ಮಾಡಿ. ಬೇಸಿನೊಳಗೆ ಬರಬಲ್ಲ ಸ್ನೇಹಿತರಿದ್ದರೆ ಊಟ ಹಾಕಿಸಿಯಾದರೂ ಬಿಡಿಸಿಕೊಳ್ಳಿ. ವಾರಾಂತ್ಯದ ಬಸ್ಸಿನ ವೇಳೆಯನ್ನು ಬೇರೆಯಾಗಿ ನೋಡಿ. ನೀವೊಬ್ಬರೇ ಎತ್ತಿ ನಾಲ್ಕು ಮೆಟ್ಟಿಲು ಹತ್ತಲಾಗದ ಪೆಟ್ಟಿಗೆ ಒಯ್ಯಬೇಡಿ. ಮದುವೆ, ಗೃಹಪ್ರವೇಶ, ತಿಥಿ, ಹೀಗೆ ದಿನ ಗೊತ್ತಾಗಿರುವ ಯಾವುದಕ್ಕೂ ಇದರಲ್ಲಿ ಹೊರಡಬೇಡಿ.

ವಾಪಸ್ ಬರುವಾಗ ಬೆಂಗಳೂರಿನಿಂದ ಮನೆವರೆಗೂ ಟಿಕೆಟ್ ಮಾಡಿಕೊಂಡೇ ಬಂದೆವು. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಲು ಕೂತಿದ್ದಾಗ ಯಜಮಾನರು ಮೆಲ್ಲಗೆ ಫೋನ್ ತೆಗೆದು ರಾಮ್‌ಸ್ಟೈನಿನ 72 ಗಂಟೆಯ ಪಟ್ಟಿ ನೋಡುತ್ತಿದ್ದರು. "ಬಾಲ್ಟಿಮೋರ್‌ಗೆ ಇವತ್ತು ಐವತ್ತು ಸೀಟಿದೆ ಕಣೇ" ಅಂದರು. ಫೋನ್ ಕಿತ್ತುಕೊಂಡು ನನ್ನ ಬ್ಯಾಗಿಗೆ ಹಾಕಿಕೊಂಡೆ.