ಅಪರೂಪಕ್ಕೆ ಫಿಲ್ಮ್ ತೊಳೆಯುವವರಿಗೆ ರೋಡಿನಾಲ್

ಕಪ್ಪು-ಬಿಳುಪು ಫಿಲ್ಮಿಗೆ ಡೆವಲಪರ್ (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ರಾಸಾಯನಿಕ) ಆರಿಸುವಾಗ ಹೆಚ್ಚಿನವರು ಮೊದಲು ವಿಚಾರಿಸುವುದು ಗ್ರೇನ್, ಅಂದರೆ ಚಿತ್ರದಲ್ಲಿ ಕಾಣುವ ಸಣ್ಣ ಕಣಗಳು, ಎಷ್ಟು ನಯವಾಗಿ ಬರುತ್ತದೆ ಎಂಬುದನ್ನು. ಎರಡು ಮೂರು ತಿಂಗಳಿಗೊಮ್ಮೆ ಒಂದು ರೋಲ್ ತೊಳೆಯುವ ನನ್ನಂಥವರಿಗೆ ಅದಕ್ಕಿಂತ ಮುಖ್ಯವಾದದ್ದು, ಮುಚ್ಚಳ ತೆರೆದ ಬಾಟಲಿ ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎಂಬುದು. ಅರ್ಧ ಖಾಲಿಯಾಗಿ ಕಪಾಟಿನಲ್ಲಿ ಕುಳಿತಿದ್ದ ಬೇರೊಂದು ದ್ರವ ಡೆವಲಪರನ್ನು ನಂಬಿ ಒಮ್ಮೆ ಇಡೀ ರೋಲನ್ನು ಕಳೆದುಕೊಂಡೆ. ನೆಗೆಟಿವಿನ ಅಂಚಿನಲ್ಲಿ ಕಾರ್ಖಾನೆಯವರೇ ಮೂಡಿಸಿದ ಅಂಕಿಗಳೂ ಕಂಡೂ ಕಾಣದಂತಿದ್ದವು. ರೋಡಿನಾಲ್ ಕೊಂಡದ್ದು ಆಮೇಲೆ.

1891ರಲ್ಲಿ ಆಗ್ಫಾ ಮಾರುಕಟ್ಟೆಗೆ ತಂದ ಈ ಡೆವಲಪರ್ ಈಗ ಅಡಾಕ್ಸ್ ಕಂಪನಿಯಿಂದ ಅದೇ ಹೆಸರಿನಲ್ಲಿ ಸಿಗುತ್ತದೆ. ಪ್ಯಾರಾ-ಅಮಿನೊಫಿನಾಲ್ ಮತ್ತು ಪ್ರಬಲ ಕ್ಷಾರ ಸೇರಿದ ಈ ಗಾಢ ದ್ರಾವಣವು ಕಾಲ ಕಳೆದಂತೆ ಕಡು ಕಂದು ಬಣ್ಣಕ್ಕೆ ತಿರುಗಿದರೂ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಹಾಗಿದ್ದರೂ ಪ್ರತಿ ಸಲ ಫಿಲ್ಮಿನ ಬಾಲದ ತುಂಡೊಂದನ್ನು ಕತ್ತರಿಸಿ, ಬೆಳಕಿನಲ್ಲೇ ಬೆರೆಸಿದ ದ್ರಾವಣಕ್ಕೆ ಹಾಕಿ, ಅದು ಕಪ್ಪಾಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಫಿಲ್ಮ್ ಇರುವ, ಬೆಳಕು ತೂರದ ಟ್ಯಾಂಕಿಗೆ ಸುರಿಯುತ್ತೇನೆ. ಒಮ್ಮೆ ಸುಟ್ಟುಕೊಂಡವರ ಅಭ್ಯಾಸವಿದು.

1:50 ಪ್ರಮಾಣದಲ್ಲಿ 300 ಮಿ.ಲೀ. ನೀರಿಗೆ 6 ಮಿ.ಲೀ. ಸಾಕು. ಇಷ್ಟು ಸಣ್ಣ ಅಳತೆಯಲ್ಲಿ ಒಂದು ಮಿಲಿಲೀಟರ್ ಹೆಚ್ಚುಕಡಿಮೆಯಾದರೂ ಕಾಂಟ್ರಾಸ್ಟ್ ಬದಲಾಗುವುದರಿಂದ ಅಳತೆಯ ಲೋಟವನ್ನು ನೆಚ್ಚಿಕೊಳ್ಳದೆ ಸೂಜಿಯಿಲ್ಲದ ಸಿರಿಂಜನ್ನೇ ಬಳಸಬೇಕು. ಕ್ಷಾರವು ಚರ್ಮವನ್ನು ಸುಡಬಹುದಾದ್ದರಿಂದ ಕೈಗವಸು ಕಡ್ಡಾಯ. ಇಲ್ಫರ್ಡ್ ಎಫ್‌ಪಿ4 ಪ್ಲಸ್ ಫಿಲ್ಮಿಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಹಿಡಿಯುತ್ತದೆ. ಮೊದಲ ಅರ್ಧ ನಿಮಿಷ ಎಡೆಬಿಡದೆ, ಆಮೇಲೆ ನಿಮಿಷಕ್ಕೊಮ್ಮೆ ಮಾತ್ರ ಟ್ಯಾಂಕನ್ನು ನಿಧಾನವಾಗಿ ತಲೆಕೆಳಗು ಮಾಡಿ, ಗುಳ್ಳೆಗಳು ಬಿಡುವಂತೆ ಮೇಜಿಗೆ ಮೆಲ್ಲನೆ ತಟ್ಟುತ್ತೇನೆ. ಕೆಲಸ ಮುಗಿದ ದ್ರಾವಣವನ್ನು ಚೆಲ್ಲಿಬಿಡಬೇಕು, ಇನ್ನೊಂದು ರೋಲಿಗೆಂದು ಎತ್ತಿಡಬಾರದು. 1:100ರಲ್ಲಿ ಅಲುಗಾಡಿಸದೆ ಒಂದು ಗಂಟೆ ಬಿಡುವ ವಿಧಾನವನ್ನು ಹಲವರು ಹೊಗಳುತ್ತಾರೆ. ನನಗೆ ಅದರಿಂದ ದಕ್ಕಿದ್ದು ಅಂಚಿನ ತೂತುಗಳಿಂದ ಚಿತ್ರದೊಳಕ್ಕೆ ಇಳಿದ ಪಟ್ಟೆಗಳು.

ಫಲಿತಾಂಶದ ಬಗ್ಗೆ ಹೇಳುವುದಾದರೆ, ಇದು ಗ್ರೇನನ್ನು ಮರೆಮಾಚುವ ಡೆವಲಪರ್ ಅಲ್ಲ. ಡಿ-76ರಂಥ ಪುಡಿ ಡೆವಲಪರುಗಳಲ್ಲಿ ಹೇರಳವಾಗಿರುವ ಸೋಡಿಯಂ ಸಲ್ಫೈಟ್ ಬೆಳ್ಳಿಯ ಕಣಗಳ ಅಂಚನ್ನು ಕರಗಿಸಿ ಮೆದುವಾಗಿಸುತ್ತದೆ. ನೀರು ಬೆರೆಸಿದ ರೋಡಿನಾಲ್‌ನಲ್ಲಿ ಅದು ತೀರಾ ಕಡಿಮೆಯಿರುವುದರಿಂದ ಕಣಗಳು ಚೂಪಾಗಿಯೇ ಉಳಿಯುತ್ತವೆ. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗ) 100ರ ಆಸುಪಾಸಿನ ಫಿಲ್ಮಿನಲ್ಲಿ ಈ ಗುಣವೇ ವರವಾಗಿ, ಹಳೆಯ ಬಾಗಿಲೊಂದರ ಮರದ ಎಳೆಗಳು ಬೆರಳಿಗೆ ತಾಗುವಷ್ಟು ಸ್ಪಷ್ಟವಾಗಿ ಮೂಡುತ್ತವೆ. ಎಚ್‌ಪಿ5 ಪ್ಲಸ್‌ನಂಥ 400ರ 35 ಮಿ.ಮೀ. ಫಿಲ್ಮಿನಲ್ಲಾದರೋ ಬರಿಯ ಆಕಾಶವೂ ಮರಳು ಚೆಲ್ಲಿದಂತೆ ಕಾಣುತ್ತದೆ, ನೆರಳಿನ ಭಾಗದ ವಿವರಗಳೂ ಸೊರಗುತ್ತವೆ. ಅಂಥ ಫಿಲ್ಮನ್ನೇ ಹೆಚ್ಚಾಗಿ ಬಳಸುವವರಿಗೆ ರೋಡಿನಾಲ್ ಕೊಳ್ಳಿ ಎಂದು ನಾನು ಹೇಳಲಾರೆ.

ಅವರಿಗೆ ಇಲ್ಫರ್ಡ್‌ನ ಡಿಡಿ-ಎಕ್ಸ್ ಡೆವಲಪರ್ ಸರಿಯಾದದ್ದು: ಗ್ರೇನ್ ನಯ, ನೆರಳು ಸಮೃದ್ಧ. ಆದರೆ 1:4ರಲ್ಲಿ ಬೆರೆಸಬೇಕಾದ್ದರಿಂದ ಅದೇ 300 ಮಿ.ಲೀ. ಟ್ಯಾಂಕಿಗೆ 60 ಮಿ.ಲೀ. ಖರ್ಚಾಗುತ್ತದೆ, ಒಂದು ಲೀಟರ್ ಬಾಟಲಿ ಹದಿನಾರು ರೋಲಿಗೇ ಬರಿದಾಗುತ್ತದೆ. ವಾರವಾರವೂ ಫಿಲ್ಮ್ ತೊಳೆಯುವವರಿಗೆ ಬಾಟಲಿ ಕೆಡುವ ಭಯವಿಲ್ಲ, ಅವರು ಧಾರಾಳವಾಗಿ ಕೊಳ್ಳಬಹುದು. ನಾನು 400ರ ಫಿಲ್ಮನ್ನು ನಾಲ್ಕೈದು ರೋಲ್ ಕೂಡಿಟ್ಟುಕೊಂಡು, ಆಮೇಲೆ ಡಿಡಿ-ಎಕ್ಸ್ ಬಾಟಲಿ ತೆರೆಯುತ್ತೇನೆ.