ರಿಯಾಕ್ಷನ್ ವಿಡಿಯೊಗೆ ಕ್ಲೇಮ್ ಬಂತೇ? ಕತ್ತರಿಸುವುದೋ, ತಕರಾರು ಹಾಕುವುದೋ

ಮೈಸೂರಿನ ಕುವೆಂಪುನಗರದ ಕೋಣೆಯಲ್ಲಿ ಕೂತು ಟ್ರೇಲರ್‌ಗೆ ರಿಯಾಕ್ಷನ್ ಮಾಡಿ ಯೂಟ್ಯೂಬ್‌ಗೆ ಹಾಕಿದಿರಿ, ಕಂಟೆಂಟ್ ಐಡಿ ಕ್ಲೇಮ್ ಬಂತು, ಅಂದರೆ ನಿಮ್ಮ ವಿಡಿಯೊದಲ್ಲಿ ಬೇರೆಯವರ ಹಕ್ಕಿನ ತುಣುಕಿದೆ ಎಂದು ಯೂಟ್ಯೂಬ್‌ನ ವ್ಯವಸ್ಥೆ ತಾನಾಗಿ ಗುರುತಿಸಿತು. ಇದು ಸ್ಟ್ರೈಕ್ (ಕೃತಿಸ್ವಾಮ್ಯ ಉಲ್ಲಂಘನೆಗೆ ಚಾನೆಲ್ ಮೇಲೆ ಬೀಳುವ ಎಚ್ಚರಿಕೆ) ಅಲ್ಲ, ಗಾಬರಿ ಬೇಡ. ಚಾನೆಲ್‌ಗೆ ಕುತ್ತು ಬರುವುದು 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದಾಗ.

ಕತ್ತರಿಸುವುದು ಬೇಗ ಮುಗಿಯುವ ಕೆಲಸ. ಯೂಟ್ಯೂಬ್ ಸ್ಟುಡಿಯೊದಲ್ಲೇ ಆ ತುಣುಕನ್ನು ಟ್ರಿಮ್ ಮಾಡಿ, ಹಾಡಾದರೆ ಮ್ಯೂಟ್ ಮಾಡಿ. ಹಾಡಿನ ಮೇಲೆಯೇ ಮಾತಾಡಿದ್ದರೆ ನಿಮ್ಮ ದನಿಯೂ ಹೋಗಬಹುದು, ಎಚ್ಚರ. ಹಾಡು ಹಿನ್ನೆಲೆಯಲ್ಲಿ ಸುಮ್ಮನೆ ಓಡಿದ್ದರೆ ಇದೇ ಸರಿಯಾದ ದಾರಿ.

ತಕರಾರಿಗೆ ತಾಳ್ಮೆ ಬೇಕು. ಕ್ಲೇಮ್ ಬಂದ 5 ದಿನದೊಳಗೆ ಹಾಕಿದರೆ ಮೊದಲ ದಿನದಿಂದಲೇ ಜಾಹೀರಾತಿನ ಹಣವನ್ನು ತಕರಾರು ಮುಗಿಯುವವರೆಗೆ ಯಾರಿಗೂ ಕೊಡದೆ ತಡೆದಿಡಲಾಗುತ್ತದೆ. ಉತ್ತರಿಸಲು ಹಕ್ಕುದಾರರಿಗೆ 30 ದಿನ. ಅವರು ತಿರಸ್ಕರಿಸಿದರೆ ಮೇಲ್ಮನವಿ ಇದೆ, ಆದರೆ ಅಲ್ಲಿ ವಿಡಿಯೊ ತೆಗೆಸಿ ಸ್ಟ್ರೈಕ್ ಬೀಳುವ ಅಪಾಯವೂ ಇದೆ.

ಗೆಲ್ಲುವಿರೋ ಇಲ್ಲವೋ ಎನ್ನುವುದು ನಿಮ್ಮ ಮಾತಿನ ತೂಕದ ಮೇಲಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆಗಾಗಿ ನ್ಯಾಯಯುತ ಬಳಕೆಯನ್ನು ಒಪ್ಪುತ್ತದೆ. ಅಮೆರಿಕದಲ್ಲಿ 2017ರ ಹೊಸೈನ್‌ಜಾದೆ–ಕ್ಲೈನ್ ಪ್ರಕರಣದಲ್ಲಿ 5 ನಿಮಿಷ 24 ಸೆಕೆಂಡಿನ ಮೂಲದಿಂದ 3 ನಿಮಿಷ 15 ಸೆಕೆಂಡ್ ಬಳಸಿದ್ದರೂ ಫೇರ್ ಯೂಸ್ (ನ್ಯಾಯಯುತ ಬಳಕೆ) ಎಂದೇ ತೀರ್ಪಾಯಿತು. ರಿಯಾಕ್ಷನ್ ಮಾಡಿದ್ದ ಕ್ಲೈನ್ ದಂಪತಿ ಮೂಲ ವಿಡಿಯೊವನ್ನು ನಡುನಡುವೆ ನಿಲ್ಲಿಸಿ ಟೀಕಿಸಿದ್ದರು. ಮಾತಿಲ್ಲದೆ ಕೂತು ನೋಡುವ ವಿಡಿಯೊಗಳಿಗೆ ಈ ರಕ್ಷಣೆ ಅನ್ವಯಿಸುತ್ತದೆಂದು ಕೋರ್ಟ್ ಹೇಳಲಿಲ್ಲ. ‘10 ಸೆಕೆಂಡ್ ಹಾಕಿದರೆ ಏನೂ ಆಗಲ್ಲ’ ಎಂಬ ಮಾತಿಗೆ ಯಾವ ಕಾನೂನಿನ ಆಧಾರವೂ ಇಲ್ಲ.

ತಕರಾರಿನಲ್ಲಿ ‘ಕ್ರೆಡಿಟ್ ಕೊಟ್ಟಿದ್ದೇನೆ’ ಎಂದಷ್ಟೇ ಬರೆಯಬೇಡಿ. ಎಷ್ಟನೇ ನಿಮಿಷದಲ್ಲಿ ನಿಲ್ಲಿಸಿದಿರಿ, ಅಲ್ಲಿ ಯಾವ ದೃಶ್ಯವನ್ನು ವಿಮರ್ಶಿಸಿದಿರಿ ಎಂಬುದನ್ನು ಬರೆಯಿರಿ.